ಗಡಂಗಿನಲ್ಲಿ ಕಾಫಿ ಕುಡಿದ ದಿನ

ನನ್ನ ಮೊಮ್ಮಗಳು ಅನ್ವಿಯ ಮದುವೆ ನಿಶ್ಚಯವಾಯಿತು! ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಉಳಿದದ್ದು ಬರೆಯಲು ನನ್ನಿಂದಾಗದು. ಹುಡುಗನ ಹೆಸರು ರಾಫಾ, ಸ್ಪೇನ್ ದೇಶದವನು. ಇಲ್ಲೇ ಇಂಗ್ಲೆಂಡಿನ ಶೆಫೀಲ್ಡಿನ ಆಸ್ಪತ್ರೆಯಲ್ಲಿ ನರ್ಸು, ನಮ್ಮ ಅನ್ವಿ ಅಲ್ಲೇ ಡಾಕ್ಟರು. ಒಳ್ಳೆಯ ಎತ್ತರ, ನಕ್ಕರೆ ಕಣ್ಣೇ ಮುಚ್ಚಿಹೋಗುತ್ತದೆ. ನಾನು ಮಾಡಿದ ಬಂಗುಡೆ ಸಾರು ಉಂಡು ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿಕೊಂಡು, ಆದರೂ ಇನ್ನೊಂದು ಸೌಟು ಹಾಕಿ ಅಂತ ತಟ್ಟೆ ಹಿಡಿದವನು. ಇನ್ನೆಂತ ಬೇಕು?

ಮೊನ್ನೆ ಶನಿವಾರ ಅವನ ಅಪ್ಪ ಅಮ್ಮ ಸೆವಿಲ್ ಅನ್ನುವ ಊರಿಂದ ಮಾತುಕತೆಗೆ ಬರುವವರಿದ್ದರು. ಅವರು ಬರುವ ಮೊದಲು ಅನ್ವಿಯ ಅಪ್ಪ, ನನ್ನ ಮಗ ಸುರೇಶ, ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ. ಸಣ್ಣವನಿದ್ದಾಗ ಗಾಜು ಒಡೆದು ಬಂದರೆ ಹಾಗೆ ಕೂರುತ್ತಿದ್ದ.

"ಅಮ್ಮ, ಒಂದು ವಿಷಯ ಉಂಟು. ಬೇಜಾರು ಮಾಡ್ಬಾರ್ದು."

"ಎಂತ? ಹುಡುಗನಿಗೆ ಮೊದಲೇ ಒಂದು ಮದುವೆ ಆಗಿದೆಯಾ?"

"ಛೆ! ಹಾಗಲ್ಲ. ಅವರದ್ದು ಹೋಟೆಲು ಅಂದಿದ್ದೆ ನೋಡು... ಹೋಟೆಲಲ್ಲ. ಕುಡಿಯುವ ಅಂಗಡಿ. ಅವನ ಮುತ್ತಜ್ಜನ ಕಾಲದಿಂದ ಉಂಟಂತೆ."

ನಾನು ನಕ್ಕೆ. ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳಬೇಕಾದಷ್ಟು ನಕ್ಕೆ. ಸುರೇಶ ಹೆದರಿಬಿಟ್ಟ, ಜಿಪಿ ಡಾಕ್ಟರಿಗೆ ಫೋನ್ ಮಾಡ್ಲಾ ಅಂತ ಎದ್ದು ನಿಂತ.

"ಕೂತ್ಕೋ ಮಾರಾಯ. ನನ್ನ ಅಪ್ಪನ ಹೋಟೆಲಿನ ಕಥೆ ಹೇಳ್ತೇನೆ."

ನನ್ನ ಅಪ್ಪನದ್ದು ಹೋಟೆಲು ಅಂತಲೇ ಅವನು ತಿಳಿದದ್ದು. ನನ್ನ ಗಂಡನ ಮನೆಯವರು ಹಾಗೇ ಹೇಳಿಕೊಂಡು ಬಂದಿದ್ದರು.

ಬಸ್ಸು ಹೊಳೆಯ ಆಚೆ ದಡದವರೆಗೆ ಮಾತ್ರ ಬಂದು, ನಾವು ದೋಣಿಯಲ್ಲಿ ಈಚೆ ದಾಟುತ್ತಿದ್ದ ಕಾಲ ಅದು. ನಿಮ್ಮಲ್ಲಿ ಕರಾವಳಿಯವರಿದ್ದರೆ ಗಡಂಗು ಅಂದರೆ ಗೊತ್ತಿರುತ್ತದೆ, ಕಳ್ಳಿನಂಗಡಿ. ಅಪ್ಪನದ್ದು ಅದೇ. ತೆಂಗಿನ ಮಡಲು ಹೊದೆಸಿದ ಮಾಡು, ಎರಡು ಬೆಂಚು, ಸಾಲಾಗಿ ಮಡಕೆಗಳು. ಅಮ್ಮನ ಅಡಿಗೆಮನೆಯ ಕಿಂಡಿ ನೇರ ಅಂಗಡಿಗೇ ತೆರೆಯುತ್ತಿತ್ತು. ಅಲ್ಲಿಂದ ಬೂತಾಯಿ ಮೀನು ಹುರಿದದ್ದು, ಮರುವಾಯಿ ಸುಕ್ಕ, ಮಿಡಿ ಉಪ್ಪಿನಕಾಯಿ ಒಂದರ ಹಿಂದೆ ಒಂದು ಹೊರಗೆ ಹೋಗುತ್ತಿದ್ದವು. ಹುಳಿ ಕಳ್ಳು, ಮೀನಿನ ಎಣ್ಣೆ, ಬೀಡಿ, ಇಷ್ಟೂ ಸೇರಿದ ವಾಸನೆ ನಮ್ಮ ಪುಸ್ತಕಕ್ಕೂ ಬಟ್ಟೆಗೂ ಅಂಟಿಕೊಂಡಿರುತ್ತಿತ್ತು. ನಾವು ಮಕ್ಕಳು ಹಿತ್ತಲಲ್ಲಿ ಮರುವಾಯಿ ಚಿಪ್ಪು ಇಟ್ಟುಕೊಂಡು ಗಡಂಗು ಆಟ ಆಡುತ್ತಿದ್ದೆವು. ಒಬ್ಬರು ಅಂಗಡಿಯವರು, ಉಳಿದವರೆಲ್ಲ ಅಮಲಾದವರು. ಅಂಗಡಿಯವರಾಗಲು ಯಾರೂ ಒಪ್ಪುತ್ತಿರಲಿಲ್ಲ.

ಗಡಂಗಿನಲ್ಲಿ ಒಂದು ಕ್ರಮ ಇತ್ತು. ತೆಂಗಿನ ಗೆರಟೆಯಲ್ಲಿ ಕಳ್ಳು ಕೈಗೆ ಬಂದ ಕೂಡಲೇ ಬಾಯಿಗಿಡಬಾರದು. ಬೆರಳು ಅದ್ದಿ ಒಂದು ಹನಿ ನೆಲಕ್ಕೆ ಚಿಮುಕಿಸಬೇಕು. ಅದು ತೀರಿಹೋದ ಹಿರಿಯರ ಪಾಲು. ಅವರಿಗೆ ಕೊಡದೆ ಕುಡಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನಂಬಿಕೆ.

ಒಂದು ವರ್ಷ ಮಾವಿನ ಕಾಲದಲ್ಲಿ ನನ್ನ ಕಮಲಕ್ಕನಿಗೆ ಒಂದು ಸಂಬಂಧ ಬಂತು. ಅದಕ್ಕೆ ಮೊದಲು ಬಂದ ಸಂಬಂಧಗಳು ಗಡಂಗಿನ ಬಾಗಿಲು ಕಂಡು ಹಾಗೇ ವಾಪಸು ದೋಣಿ ಹತ್ತಿದ್ದವು. ಈ ಹುಡುಗ ಶಾಲೆಯ ಮಾಸ್ಟ್ರು. ಅಕ್ಕ ಅವರನ್ನು ದೋಣಿಯಲ್ಲಿ ನೋಡಿದ್ದಳು. ಮಾತಾಡಿದ್ದಳೋ ಇಲ್ಲವೋ, ನನಗೆ ಹೇಳಲಿಲ್ಲ. ಆದರೆ ಇವರು ಬಿಟ್ಟರೆ ಬೇರೆ ಮದುವೆಯೇ ಬೇಡ ಅಂತ ಅಮ್ಮನ ಹತ್ತಿರ ಅತ್ತದ್ದು ನನಗೆ ಕೇಳಿತ್ತು. ತೊಂದರೆ ಇದ್ದದ್ದು ಮಾಸ್ಟ್ರ ಅಪ್ಪನದ್ದು. ಹೊಳೆಯಾಚೆ ಅವರ ಊರಿನ ಭಜನೆಗೆ ಅವರೇ ಮುಂದಾಳು. ಕಳ್ಳಿನ ಮಡಕೆ ಕಂಡರೆ ದಾರಿ ಬದಲಿಸುವವರು ಅಂತ ಹೆಸರು. ಅದಕ್ಕೇ ನಮ್ಮ ಸೋದರಮಾವ ಅವರ ಮುಂದೆ "ಹೆಣ್ಣಿನ ಅಪ್ಪನದ್ದು ಹೋಟೆಲು" ಅಂತ ಹೇಳಿ ಕೈತೊಳೆದುಕೊಂಡಿದ್ದ.

ಅಪ್ಪ ತಲೆ ಮೇಲೆ ಕೈಹೊತ್ತು ಕೂತರು. "ಮನೆಗೆ ಬರಬೇಕಾದರೆ ಗಡಂಗಿನ ಒಳಗಿಂದಲೇ ಬರಬೇಕಲ್ಲ ಮಾರಾಯ! ಅವರನ್ನು ಮಾಡಿನ ಮೇಲಿಂದ ಇಳಿಸುವುದಾ?"

"ಒಂದು ದಿನಕ್ಕೆ ಹೋಟೆಲು ಮಾಡುವ ಭಾವ" ಅಂದ ಮಾವ.

ಅವರು ಬರುವ ದಿನ ಬೆಳಿಗ್ಗೆಯೇ ಮಡಕೆಗಳೆಲ್ಲ ದನದ ಕೊಟ್ಟಿಗೆಗೆ ಹೋದವು. ಅಮ್ಮ ಎಷ್ಟು ಧೂಪ ಹಾಕಿದಳೆಂದರೆ ದನ ಕೆಮ್ಮಿತು. ಪಕ್ಕದ ಮನೆಯಿಂದ ಗಾಜಿನ ಲೋಟ ತಂದೆವು, ಅವು ನೆಂಟರಿಗೆ ಮಾತ್ರ ಸಾಕಾದವು. ಬಾಕಿಯಾದದ್ದು ದಿನಾ ಬರುವ ಗಿರಾಕಿಗಳು. ಅವರನ್ನು ಬರಬೇಡಿ ಅಂದರೆ ಹೊರಗೆ ನಿಂತು ಊರಿಗೇ ಕೇಳುವ ಹಾಗೆ ಕಾರಣ ಕೇಳುವವರು. ಅಪ್ಪ ಅವರನ್ನು ಕೂರಿಸಿ ಕೈಮುಗಿದರು.

"ಇವತ್ತೊಂದು ದಿನ ಕಾಫಿ. ನಮ್ಮ ಕಮಲನ ಮುಖ ನೋಡಿ ಕುಡಿಯಿರಿ."

ಗಿರಾಕಿಗಳಲ್ಲಿ ಹಿರಿಯ ಬಾಬಣ್ಣ. ಅಕ್ಕ ಕಿಂಡಿಯಿಂದ ಅವನಿಗೆ ಯಾವಾಗಲೂ ಒಂದು ಮೀನು ಹೆಚ್ಚೇ ಹಾಕುತ್ತಿದ್ದಳು. "ಕಮಲಮ್ಮನಿಗೋಸ್ಕರ ವಿಷ ಬೇಕಾದರೂ ಕುಡಿದೇವು" ಅಂದ. ಆಮೇಲೆ ಸಣ್ಣಗೆ ಕೇಳಿದ, "ನಂಚಿಕೊಳ್ಳಲಿಕ್ಕೆ ಎಂತ ಉಂಟು?"

ನೆಂಟರು ಬಂದರು. ಮುಂದೆ ಮಾಸ್ಟ್ರ ಅಪ್ಪ, ಹಣೆತುಂಬ ಗಂಧ. ಹಿಂದೆ ಅವರ ಹೆಂಡತಿ, ಕಡೆಗೆ ಮಾಸ್ಟ್ರು. ನಮ್ಮ ಗಿರಾಕಿಗಳು ಬೆಂಚಿನಲ್ಲಿ ಶಾಲೆಮಕ್ಕಳ ಹಾಗೆ ಸೆಟೆದು ಕೂತಿದ್ದರು. ಹೋಟೆಲಿನವರ ಮಗಳಾಗಿ ನಾನೇ ಕಾಫಿ ಕೊಟ್ಟೆ. ನೆಂಟರಿಗೆ ಲೋಟದಲ್ಲಿ, ಗಿರಾಕಿಗಳಿಗೆ ಗೆರಟೆಯಲ್ಲಿ. ಮಾಸ್ಟ್ರ ಅಮ್ಮ ಗೆರಟೆ ನೋಡಿ ಹುಬ್ಬು ಎತ್ತಿದರು.

"ಇದರಲ್ಲಿ ಕುಡಿದರೆ ದೇಹಕ್ಕೆ ತಂಪು" ಅಂದ ಮಾವ. ಕಾಫಿಯಿಂದ ಹೊಗೆ ಏಳುತ್ತಿತ್ತು.

ಬಾಬಣ್ಣ ಒಂದು ಗುಟುಕು ಕುಡಿದು, ಮುಖ ಕಿವುಚಿ, ಉಪ್ಪಿನಕಾಯಿ ನೆಕ್ಕಿ, ಬೂತಾಯಿ ಕಚ್ಚಿದ. ಉಳಿದವರೂ ಹಾಗೇ ಮಾಡಿದರು. ಕಾಫಿಗೆ ಬೂತಾಯಿ! ಮಾಸ್ಟ್ರ ಅಮ್ಮ ಲೋಟ ಕೆಳಗಿಟ್ಟರು. ಅಪ್ಪನ ಹಣೆಯಿಂದ ಬೆವರು ಇಳಿಯಿತು. ಕಿಂಡಿಯಲ್ಲಿ ಅಕ್ಕನ ಎರಡು ಕಣ್ಣು ಕಾಣುತ್ತಿದ್ದವು, ತುಂಬಿಕೊಂಡಿದ್ದವು.

ಆಗ ಮಾಸ್ಟ್ರ ಅಪ್ಪ ತಮ್ಮ ಲೋಟ ಎತ್ತಿದರು. ಮಾವನ ಹತ್ತಿರ ಭಜನೆಯ ವಿಷಯ ಮಾತಾಡುತ್ತಲೇ ಇದ್ದರು. ಮಾತಾಡುತ್ತಾ ಮಾತಾಡುತ್ತಾ ಬೆರಳನ್ನು ಕಾಫಿಯಲ್ಲಿ ಅದ್ದಿದರು, ಒಂದು ಹನಿ ನೆಲಕ್ಕೆ ಚಿಮುಕಿಸಿದರು.

"ಅಯ್ಯಯ್ಯೋ!" ಬೆರಳು ಸುಟ್ಟಿತು. ಬಾಯಿಗಿಟ್ಟುಕೊಂಡರು.

ನಮ್ಮ ಗಿರಾಕಿಗಳೇ ಆ ದಿನ ಕಷ್ಟಪಟ್ಟು ಕ್ರಮ ಮರೆತು ಕೂತಿದ್ದರು. ಬಾಬಣ್ಣ ನಿಧಾನಕ್ಕೆ ಎದ್ದು ನಿಂತ.

"ಹೋಯ್! ಇವರು ನಮ್ಮವರೇ!"

ಮಾಸ್ಟ್ರ ಅಮ್ಮ ಗಂಡನ ಕಡೆ ತಿರುಗಿದರು. "ಭಜನೆ ಮುಗಿಯುವುದು ಇಷ್ಟು ತಡ ಯಾಕೆ ಅಂತ ಈಗ ಗೊತ್ತಾಯ್ತು."

ಅವರು ಬೆರಳು ಬಾಯಿಂದ ತೆಗೆಯದೆ ನೆಲ ನೋಡಿದರು. ಮಾಸ್ಟ್ರು ನಗು ತಡೆಯಲಾರದೆ ಕಿಂಡಿಯ ಕಡೆ ನೋಡಿದರು. ಅಕ್ಕ ಕಣ್ಣು ಒರೆಸಿಕೊಳ್ಳುವುದು ಬಿಟ್ಟು ನಕ್ಕಳು. ಆಮೇಲೆ ಮಾಸ್ಟ್ರ ಅಮ್ಮನೇ ತೀರ್ಮಾನ ಕೊಟ್ಟದ್ದು.

"ಹುಡುಗಿ ನನಗೆ ಒಪ್ಪಿಗೆ. ಇನ್ನು ಇವರು ಕುಡಿಯುವುದಾದರೆ ಬೀಗರ ಅಂಗಡಿಯಲ್ಲೇ ಕುಡಿಯಲಿ. ಎಲ್ಲಿ ಬಿದ್ದಿದ್ದಾರೆ ಅಂತ ನನಗೆ ಗೊತ್ತಿರುತ್ತದಲ್ಲ."

ಕೊಟ್ಟಿಗೆಯಿಂದ ಮಡಕೆಗಳು ವಾಪಸು ಬಂದವು. ಮಳೆ ಶುರುವಾಗುವ ಮೊದಲು ಮದುವೆಯೂ ಆಯಿತು.

ಮೊನ್ನೆ ಶನಿವಾರ ಸೆವಿಲ್ಲಿನ ಬೀಗರು ಬಂದು ಕೂತ ಮೇಲೆ ಈ ಕಥೆಯನ್ನು ಮತ್ತೆ ಹೇಳಿದೆ. ನಾನು ಕನ್ನಡದಲ್ಲಿ, ಸುರೇಶ ಇಂಗ್ಲಿಷಿನಲ್ಲಿ, ರಾಫಾ ಅವರ ಭಾಷೆಯಲ್ಲಿ. ನಗು ಮೂರು ಸಲ ಬಂತು. ಮೊದಲು ಸುರೇಶ ನಕ್ಕ. ಆಮೇಲೆ ಅನ್ವಿ, ರಾಫಾ. ಎಲ್ಲರೂ ಸುಮ್ಮನಾದ ಮೇಲೆ ರಾಫಾನ ಅಪ್ಪ ಒಬ್ಬರೇ ಗೋಡೆ ನಡುಗುವ ಹಾಗೆ ನಕ್ಕರು. "ಅಜ್ಜಿ, ನೀವು ಬೇಡ ಅಂತೀರಿ ಅಂತ ಡ್ಯಾಡ್ ವಾರವಿಡೀ ನಿದ್ದೆ ಮಾಡಿಲ್ಲ. ರಿಯಲಿ!" ಅಂದಳು ಅನ್ವಿ.

"ಬೇಡ ಅನ್ನಲಿಕ್ಕೆ ನನಗೆಂತ ಹುಚ್ಚಾ? ನಮ್ಮ ಕಸುಬಿನವರೇ ಸಿಕ್ಕಿದ್ದಾರೆ!" ಅಂದೆ. ಅಲ್ಲಿಗೆ ನಿಶ್ಚಯವಾಯಿತು.

ಬೀಗರು ಫೋನಿನಲ್ಲಿ ಅಂಗಡಿ ತೋರಿಸಿದರು. ಕಪ್ಪು ಮರದ ಕಟ್ಟೆ, ದೊಡ್ಡ ಪೀಪಾಯಿಗಳು, ಗೋಡೆಗೆ ಚಂದದ ಹೂವಿನ ಟೈಲ್ಸು, ಮೇಲಿಂದ ನೇತಾಡುವ ಹಂದಿ ತೊಡೆಗಳು. ಬೆಂಗಳೂರಿನ ಸಸ್ಯಾಹಾರಿಗಳ ಮನೆಯಿಂದ ಬಂದ ನಮ್ಮ ಸೊಸೆ ಶುಭಾ, ತೊಡೆ ಬಂದಾಗ ಕಿಟಕಿಯ ಹೊರಗೆ ನೋಡಿದಳು. ಗಿರಾಕಿಗಳು ನಿಂತೇ ಕುಡಿಯುತ್ತಾರೆ, ಪುಟ್ಟ ಪುಟ್ಟ ತಟ್ಟೆಯಲ್ಲಿ ಹುರಿದ ಮೀನು ತಿನ್ನುತ್ತಾರೆ. ಮುದುಕರ ಬಾಯಿ ಒಂದು ನಿಮಿಷ ಸುಮ್ಮನಿಲ್ಲ. ಈಗ ರಾಫಾನ ಅಕ್ಕ ನಡೆಸುತ್ತಾಳಂತೆ. ಮೊದಲು ಆ ಬೀದಿ ತುಂಬ ಇಂಥವೇ ಅಂಗಡಿಗಳಿದ್ದವಂತೆ, ಪಕ್ಕದ್ದು ಈಗ ಸೂಟ್‌ಕೇಸ್ ಅಂಗಡಿ. "ಸೂಟ್‌ಕೇಸಿನ ಹತ್ತಿರ ಯಾರು ಕಷ್ಟಸುಖ ಮಾತಾಡುತ್ತಾರೆ?" ಅಂದರು ಬೀಗರು.

ನಮ್ಮ ಗಡಂಗಿನ ಜಾಗದಲ್ಲಿ ಈಗ ವೈನ್ ಶಾಪು. ಕಬ್ಬಿಣದ ಸರಳಿನೊಳಗೆ ಕೈಹಾಕಿ ತಗೊಂಡು, ಗೋಡೆಗೆ ಮುಖಮಾಡಿ ಕುಡಿದು ಹೋಗುತ್ತಾರೆ. ಯಾರ ಮಗಳಿಗೆ ಮದುವೆ, ಯಾರ ಮನೆಯಲ್ಲಿ ಜ್ವರ ಅಂತ ಕೇಳುವವರಿಲ್ಲ. ಒಬ್ಬ ಹುಡುಗಿಗೋಸ್ಕರ ಊರಿನ ಕುಡುಕರೆಲ್ಲ ಸೇರಿ ಕಾಫಿ ಕುಡಿಯುವುದನ್ನು ಇನ್ನೆಲ್ಲಿ ಕಾಣುವುದು? ಕಮಲಕ್ಕ ಹೋದಳು, ಮಾಸ್ಟ್ರು ಭಾವನೂ ಹೋದರು. ಈ ಸುದ್ದಿ ಅವಳಿಗೆ ಹೇಳಬೇಕಿತ್ತು. ಅದೊಂದೇ ನನಗೆ ಆ ದಿನ ಕಮ್ಮಿ ಬಿದ್ದದ್ದು.

ಸಂಜೆ ಊಟಕ್ಕೆ ಮೇಜು ಸಾಲಲಿಲ್ಲ, ಹಿತ್ತಲಿನ ಕುರ್ಚಿಗಳನ್ನೂ ಒಳಗೆ ತಂದೆವು. ಬೇಸಿಗೆಯಾದ್ದರಿಂದ ಹೊರಗೆ ಇನ್ನೂ ಬಿಸಿಲಿತ್ತು. ಈ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಡ್ಯೂಟಿಯ ರೋಟಾ, ಒಬ್ಬೊಬ್ಬರದು ಒಂದೊಂದು ಹೊತ್ತಿನ ಊಟ. ಆ ದಿನ ಎಲ್ಲರೂ ಒಟ್ಟಿಗೆ ಕೂತರು. ನಾನು ಮೀನು ಹುರಿದೆ, ಶುಭಾ ಬಿಸಿಬೇಳೆಬಾತ್ ಮಾಡಿದಳು, ರಾಫಾನ ಅಮ್ಮ ಆಲೂಗಡ್ಡೆ ಮೊಟ್ಟೆ ಸೇರಿಸಿ ದಪ್ಪ ರೊಟ್ಟಿಯ ಹಾಗೆ ಒಂದು ತಿಂಡಿ ಮಾಡಿದಳು. ಬೀಗರು ಕೈಯಲ್ಲೇ ಅನ್ನ ಕಲಸಲು ಹೋಗಿ ಮೊಣಕೈವರೆಗೆ ಸಾರು ಮಾಡಿಕೊಂಡರು.

ಎಲ್ಲರಿಗೂ ಬಡಿಸಿ ಕಡೆಗೆ ಕೂರುತ್ತೇನೆ ಅಂತ ನಾನು ನಿಂತಿದ್ದೆ. ರಾಫಾನ ಅಮ್ಮ ನನ್ನ ಭುಜ ಹಿಡಿದು ಕುರ್ಚಿಗೆ ಒತ್ತಿ ಕೂರಿಸಿದಳು. ತಾನು ಮಾಡಿದ್ದರಲ್ಲಿ ದೊಡ್ಡ ತುಂಡು ಕತ್ತರಿಸಿ ನನ್ನ ತಟ್ಟೆಗೆ ಹಾಕಿ, ಜೋರಾಗಿ ಎಂತದೋ ಅಂದಳು. ಅರ್ಥ ಹೇಳಲು ಅನ್ವಿ ಬಾಯಿ ತೆರೆದಳು.

"ಬೇಡ ಮಗಾ, ನನಗೆ ಗೊತ್ತಾಯ್ತು" ಅಂದು ನಾನು ತಿನ್ನಲು ಶುರುಮಾಡಿದೆ.