ಒಂದು ಇಳಿ ಹೆಚ್ಚಾಯಿತು

ನಾಲ್ಕು ದಿನದ ಸೂಟಿಗೆ ಯಾದಗಿರಿಯಲ್ಲಿ ಎಲ್ಲಿ ಇಳಿದುಕೊಳ್ಳಬೇಕು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಹದಿನೈದು ದಿನ ಜಗಳ ನಡೆಯಿತು. ಅದರಲ್ಲಿ ಎಂಟು ದಿನದ ಜಗಳಕ್ಕೆ ನಾನೇ ಕಾರಣ. ಈಗ ಇದನ್ನು ಮೊಮ್ಮಕ್ಕಳ ಮುಂದೆ ನಗುತ್ತ ಹೇಳುತ್ತೇನೆ. ಆಗ ಮಾತ್ರ ಅತ್ತು ಅತ್ತು ಮೂಗು ಕೆಂಪಗೆ ಮಾಡಿಕೊಂಡಿದ್ದೆ.

ನಿಜಾಮಶಾಹಿ ಹೋಗಿ ಎರಡು ಮೂರು ವರ್ಷವಾಗಿತ್ತು. ನಾವಿದ್ದದ್ದು ಸುರಪುರದಲ್ಲಿ. ಅಪ್ಪ ಅಲ್ಲಿನ ಕಚೇರಿಯಲ್ಲಿ ಕಾರಕೂನ. ಆಯಿ, ಅಂದರೆ ಅಪ್ಪನ ತಾಯಿ, ಮನೆಯ ಯಜಮಾನಿ. ಅವಳ ಮಾತು ದಾಟಿ ನಮ್ಮ ಮನೆಯಲ್ಲಿ ಒಂದು ಚಮಚೆಯೂ ಅಲುಗುತ್ತಿರಲಿಲ್ಲ. ಅವ್ವ ಅವಳ ಒಬ್ಬಳೇ ಸೊಸೆ. ನಾನು ಹತ್ತು ವರ್ಷದ ಒಬ್ಬಳೇ ಮಗಳು, ಹಾಗಾಗಿ ಬಾಯಿಗೆ ಲಗಾಮಿಲ್ಲದವಳು.

ಅದಕ್ಕೂ ಮೊದಲು ಒಂದೇ ಒಂದು ಸಲ ನಾವೆಲ್ಲ ಕೂಡಿ ಮನೆ ಬಿಟ್ಟು ಹೋಗಿದ್ದೆವು. ಅದು ನಿಜಾಮಶಾಹಿ ಹೋಗುವ ಮುಂಚಿನ ಗಲಾಟೆಯ ವರ್ಷ. ಒಂದು ಮುಂಜಾನೆ ಗಂಟು ಕಟ್ಟಿಕೊಂಡು, ಬಂಡಿಯಲ್ಲಿ ಮೇವಿನ ನಡುವೆ ಕೂತು, ಬಿಜಾಪುರದ ಕಡೆಯ ಬೀಗರ ಊರು ಸೇರಿ ಎರಡು ತಿಂಗಳು ಇದ್ದು ಬಂದಿದ್ದೆವು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಎಲ್ಲಿಗೂ ಹೋಗುವ ಮಾತೆತ್ತಿರಲಿಲ್ಲ. ಆ ವರ್ಷ ದೀಪಾವಳಿ ಸೂಟಿ ಹತ್ತಿರ ಬಂದಾಗ ಅಪ್ಪ ಊಟಕ್ಕೆ ಕೂತವನು ಒಮ್ಮೆಲೇ, “ಹೆದರಿ ಗಂಟು ಕಟ್ಟಿದ್ವಿ. ಒಮ್ಮಿ ಖುಷಿಲೆ ಕಟ್ಟೋಣು. ಇವರಿಬ್ಬರನ್ನ ಯಾದಗಿರಿಗೆ ಕರಕೊಂಡು ಹೋಗಿ ಬರ್ತೀನಿ,” ಅಂದ. ಮನೆ ಕಾಯಲು ಆಯಿ ಇರುವಳೆಂದೇ ಲೆಕ್ಕ. ಆಯಿ ರೊಟ್ಟಿ ಮುರಿಯುತ್ತಲೇ, “ಹೋಗಿ ಬರ್ರಿ,” ಅಂದಳು.

ಅವ್ವ ಆ ಮಧ್ಯಾಹ್ನ ಹಿತ್ತಿಲಲ್ಲಿ ನನ್ನ ತಲೆ ಬಾಚುತ್ತಿದ್ದಳು. ಬಾಚಣಿಕೆ ನನ್ನ ಕೂದಲಲ್ಲೇ ಬಿಟ್ಟು, “ನಾಕು ದಿನ ಯಾರ ಸೊಸಿನೂ ಆಗಬಾರ್ದು ಅನಸ್ತದ ನನಗ,” ಅಂದಳು. ಆಮೇಲೆ ತಾನೇ ಬೆಚ್ಚಿ, “ಯಾರ ಮುಂದೂ ಅನಬ್ಯಾಡ ಮತ್ತ,” ಎಂದು ನನ್ನ ಜಡೆ ಹಿಡಿದು ಜಗ್ಗಿದಳು. ಹದಿಮೂರಕ್ಕೆ ಮದುವೆಯಾಗಿ ಬಂದವಳು. ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಹೋಗಲು ಅವಳಿಗೆ ಇನ್ನೊಂದು ಮನೆಯೂ ಇರಲಿಲ್ಲ. ಇದೆಲ್ಲ ಆಗ ನನಗೆ ಹೊಳೆಯಲಿಲ್ಲ. ಗುಟ್ಟು ಸಿಕ್ಕಿತೆಂದು ಹಿಗ್ಗಿದ್ದಷ್ಟೇ ನೆನಪು.

ಹಿಂಗಾರಿಯ ಬಿತ್ತಿಗೆ ನಡೆದಿದ್ದರಿಂದ ಎತ್ತು ಹೊಲ ಬಿಟ್ಟು ಬರುವಂತಿರಲಿಲ್ಲ. ಅಪ್ಪನಿಗೆ ಅದೇ ಬೇಕಾಗಿತ್ತು. ಬಂಡಿ ಬಂದರೆ ಎತ್ತಿನ ಮೇವು, ಎತ್ತಿನ ನೀರು, ಬಂಡಿ ಹೊಡೆಯುವವನ ಊಟ, ಸೂಟಿಯೆಲ್ಲ ಎತ್ತಿನದೇ ಆಗುತ್ತದೆ ಎನ್ನುವುದು ಅವನ ವಾದ. ಮೋಟಾರಿನಲ್ಲಿ ಹೋಗುವುದು, ಅಲ್ಲಿ ಇಳಿದ ಮೇಲೆ ಬಂಡಿ ಇಲ್ಲ, ಟಾಂಗಾ ಇಲ್ಲ, ಕಾಲೇ ಸವಾರಿ. ಹಾಗಾದರೆ ಇಳಿದುಕೊಳ್ಳುವ ಜಾಗ ಎಲ್ಲದಕ್ಕೂ ಹತ್ತಿರವಿರಬೇಕು. ಅವನು ಪಡಸಾಲೆಯ ನೆಲದ ಮೇಲೆ ಸುಣ್ಣದ ಬಳಪದಿಂದ ಯಾದಗಿರಿಯನ್ನೇ ಬರೆದ: ಇಲ್ಲಿ ಸ್ಟೇಷನ್ನು, ಇಲ್ಲಿ ಬಜಾರು, ಇದು ಕೋಟೆ ಗುಡ್ಡ, ಇದು ಕೆರೆ. ಅಬ್ಬೆತುಮಕೂರಿನ ಮಠದಲ್ಲಿ ಇರಬಹುದು, ಪ್ರಸಾದವೂ ಆಗುತ್ತದೆ, ಆದರೆ ಊರ ಹೊರಗಾಯಿತು. ದೊಡ್ಡಪ್ಪನ ಮನೆ ಗುಡ್ಡದ ಬುಡದಲ್ಲಿ. ಅಪ್ಪನ ದೊಡ್ಡಪ್ಪನ ಮಗ, ಹಾಗಾಗಿ ನನಗೆ ದೊಡ್ಡಪ್ಪ, ಅರಿವೆ ಅಂಗಡಿಯವನು, ಮನೆ ತುಂಬ ಜನ. ಅದನ್ನು ತೋರಿಸುವಾಗ ಅವ್ವನ ಮುಖ ನೋಡಬೇಕಿತ್ತು. ಆ ಮನೆಗೆ ಹೋದರೆ ಒಲೆಯ ಮುಂದೆ ಕೂತು ಇಪ್ಪತ್ತು ಜನರಿಗೆ ರೊಟ್ಟಿ ಬಡಿದು ಬರಬೇಕು, ಅಷ್ಟೆ. ಕೊನೆಗೆ ಅಪ್ಪ ಸ್ಟೇಷನ್ನಿನ ಮಗ್ಗುಲಲ್ಲಿ ಒಂದು ಚೌಕ ಬರೆದ. ದಾರಿಹೋಕರು ತಂಗಲೆಂದು ಯಾರೋ ಹಿಂದಿನವರು ಕಟ್ಟಿಸಿದ ಸರಾಯಿ ಅದು, ನಮ್ಮ ಕಡೆಯ ಛತ್ರವಿದ್ದಂತೆ. ನಡುವೆ ಅಂಗಳ, ಬಾವಿ, ಬೇವಿನ ಮರ, ಸುತ್ತ ಕೋಣೆಗಳು. ಕಚೇರಿ ಕೆಲಸಕ್ಕೆ ಹೋದಾಗ ಅವನು ಅಲ್ಲಿ ಇದ್ದು ಬಂದಿದ್ದ. ಆಯಿಗೆ ಮಾತ್ರ, “ಸ್ಟೇಷನ್ ಹತ್ರ ಛಲೋ ಜಾಗಾ ಅದವಾ,” ಎಂದಷ್ಟೇ ಹೇಳಿದ. ಆಯಿ ಅರೆಮನಸ್ಸಿನಿಂದ ಒಪ್ಪಿದಳು, ಆದರೆ ದೊಡ್ಡಪ್ಪನಿಗೆ ಕಾಗದ ಬರೆಯಲೇಬೇಕು ಅಂದಳು.

ಕಾಗದ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಅಪ್ಪ ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡ ಮಾತಾಡುತ್ತಿದ್ದ, ಬರೆಯಲು ಕೂತರೆ ಬೆವರುತ್ತಿದ್ದ. ನಾನೂ ಎರಡು ವರ್ಷ ಅಲಿಫ್, ಬೇ ತಿದ್ದಿದವಳೇ. ಆಮೇಲೆ ನಮ್ಮ ಶಾಲೆ ಕನ್ನಡಕ್ಕೆ ತಿರುಗಿತು, ಧಾರವಾಡದ ಕಡೆಯಿಂದ ಒಬ್ಬ ಮಾಸ್ತರರು ಬಂದರು, ನಾನು ಮನೆಗೆಲ್ಲ ಕನ್ನಡದ ಪಂಡಿತೆಯಾದೆ. ಕಾಗುಣಿತ ಮಾತ್ರ ನನ್ನ ಜೀವ ತಿನ್ನುತ್ತಿತ್ತು. ‘ಕ’ ಅಕ್ಷರಕ್ಕೆ ಇಳಿ ಕೊಟ್ಟರೆ ‘ಕಾ’. ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು? ಇಳಿ ಬಿಟ್ಟಿದ್ದಕ್ಕೆ ಮಾಸ್ತರರ ಕೈಯಲ್ಲಿ ಎರಡು ಸಲ ಏಟು ತಿಂದ ಮೇಲೆ ನಾನೇ ಒಂದು ನಿಯಮ ಮಾಡಿಕೊಂಡೆ: ಅನುಮಾನ ಬಂದಲ್ಲೆಲ್ಲ ಒಂದು ಇಳಿ ಕೊಟ್ಟುಬಿಡುವುದು. ಅಪ್ಪ ಹೇಳುತ್ತ ಹೋದ, ನಾನು ನೋಟುಬುಕ್ಕಿನಲ್ಲಿ ಕರಡು ಮಾಡಿ ಕಾರ್ಡಿಗೆ ಇಳಿಸಿದೆ. ಶರಣು ಶರಣಾರ್ಥಿ, ನಾವೆಲ್ಲ ಕ್ಷೇಮ, ನಿಮಗೆ ತೊಂದರೆ ಬೇಡ, ಸ್ಟೇಷನ್ ಹತ್ತಿರದ ಸಾರಾಯಿಯಲ್ಲಿ ಕುಟುಂಬಸಮೇತ ನಾಲ್ಕು ದಿನ ಇರುತ್ತೇವೆ.

ಐದನೇ ದಿನ ಉತ್ತರ ಬಂತು, ಆಯಿಯ ಹೆಸರಿಗೆ. ಓದುವವಳೂ ನಾನೇ. ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಪಡಸಾಲೆಯ ನಡುವೆ ನಿಂತು ಗಟ್ಟಿಯಾಗಿ ಓದಿದೆ: “ತಮ್ಮನು ಹೆಂಡತಿ ಮಗಳನ್ನು ಕಟ್ಟಿಕೊಂಡು ನಾಲ್ಕು ದಿನ ಸಾರಾಯಿಯಲ್ಲಿ ಇರುವುದಾಗಿ ಯಾವ ನಾಚಿಕೆಯೂ ಇಲ್ಲದೆ ಬರೆಸಿರುತ್ತಾನೆ. ಕೊರಳಲ್ಲಿ ಲಿಂಗ ಕಟ್ಟಿದ ನಮ್ಮ ಮನೆತನದಲ್ಲಿ ಇಂಥದ್ದು ಇರಲಿಲ್ಲ.”

ಆಯಿ ಗೋಡೆಗೆ ಆತು ಕೂತಳು. ಅಪ್ಪ, “ಸರಾಯಿ ಅವಾ, ಸರಾಯಿ!” ಎಂದು ಒದರಿದ. ಒದರಿದಷ್ಟೂ ಅದು ಉದ್ದವಾಗಿ ಸಾರಾಯಿಯೇ ಆಗುತ್ತಿತ್ತು. ಆಯಿಗೆ ಗೊತ್ತಿದ್ದದ್ದು ಒಂದೇ ಶಬ್ದ, ಅದು ಶೀಸೆಯಲ್ಲಿರುವುದು. “ಮುಸಾಫರಖಾನಾ ಅಂತಾರಲ್ಲ, ಅದು,” ಎಂದು ಅಪ್ಪ ತಿಳಿಹೇಳಲು ಹೋದರೆ, “ಹೆಸರು ಬದ್ಲಿ ಮಾಡಿದ್ರ ವಾಸನಿ ಬಿಡ್ತದೇನು? ಕಚೇರಿಯವರ ಸಂಗತಿ ನನಗ ಗೊತ್ತಿಲ್ಲೇನು? ಯಾರೂ ಎಲ್ಲೂ ಹೋಗೋದು ಬ್ಯಾಡ,” ಅಂದುಬಿಟ್ಟಳು.

ಅವ್ವ ಒಳಗೆ ಹೋಗಿ, ಹೊರಗೆ ತೆಗೆದಿಟ್ಟಿದ್ದ ಎರಡು ಇಳಕಲ್ ಸೀರೆಗಳನ್ನು ಮಡಿಚಿ ಮತ್ತೆ ಟ್ರಂಕಿಗೆ ಹಾಕಿದಳು. ನಾನು ಟ್ರಂಕಿನ ಮಗ್ಗುಲಲ್ಲೇ ಕೂತು ಅಳತೊಡಗಿದೆ. ತಪ್ಪು ಯಾರದೆಂದು ಗೊತ್ತಿಲ್ಲದಿದ್ದರೂ ಅವ್ವನಿಗೆ ಅನ್ಯಾಯವಾಯಿತೆಂದು ಗೊತ್ತಿತ್ತು, ಅದಕ್ಕೇ ಅಳು.

ನೋಟುಬುಕ್ಕಿನ ಕರಡು ಮಾಸ್ತರರ ಕಣ್ಣಿಗೆ ಬಿದ್ದದ್ದು ಅದಾದ ಎಂಟು ದಿನಕ್ಕೆ. ಓದುತ್ತ ಓದುತ್ತ ಅವರ ಮೀಸೆ ಕುಣಿಯತೊಡಗಿತು. ಕಣ್ಣೊರೆಸಿಕೊಂಡು, “ಇಲ್ಲಿ ಇಳಿ ಬ್ಯಾಡವಾ. ನೀ ಇಳಿ ಕೊಟ್ಟಿದ್ದಕ್ಕ ನಿಮ್ಮಪ್ಪ ಸೀದಾ ಸಾರಾಯಿ ಅಂಗಡ್ಯಾಗ ಇಳದಾರ ನೋಡು,” ಅಂದರು. ಮನೆಗೆ ಓಡಿದೆ. ಇದ್ದಲಿಯಿಂದ ನೆಲದ ಮೇಲೆ ಸರಾಯಿ, ಸಾರಾಯಿ ಎರಡೂ ಬರೆದು ಆಯಿಗೆ ತೋರಿಸಿದೆ. ಅಕ್ಷರ ಬಾರದ ಆಯಿ ಬಗ್ಗಿ, ಬೆರಳಿಂದ ಆ ಇಳಿಯನ್ನು ಮುಟ್ಟಿ ನೋಡಿದಳು.

“ಇಷ್ಟ ಇಷ್ಟು ಕೊಂಡಿಗೆ ನನ್ನ ಮಗನ್ನ ಎಂಟು ದಿನ ಬೈದೆನಾ?”

“ಹೌದ್ರಿ ಆಯಿ.”

ಆಯಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಮ್ಮು ಬಂತು, ಅವ್ವ ನೀರು ತಂದುಕೊಟ್ಟಳು. ನೀರು ಕುಡಿದು ಆಯಿ ತೀರ್ಪು ಕೊಟ್ಟಳು: “ಆದ್ರೂ ಸರಾಯೋ ಸಾರಾಯೋ, ನಾ ಕಣ್ಣಿಲೆ ನೋಡಬೇಕು. ನಾನೂ ಬರ್ತೀನಿ.”

ಅಪ್ಪ ಕುಣಿಯುವುದೊಂದು ಬಾಕಿ. ಚಂಬು ಹಿಡಿದು ನಿಂತಿದ್ದ ಅವ್ವನ ಮುಖ ಮಾತ್ರ ಇಳಿದುಹೋಯಿತು. ಅತ್ತೆ ಬಂದಲ್ಲಿ ಸೊಸೆಯೂ ಬಂದೇ ಬರುತ್ತಾಳಲ್ಲ.

ದೊಡ್ಡಪ್ಪನಿಗೆ ಇಳಿ ತೆಗೆದ ಇನ್ನೊಂದು ಕಾರ್ಡು ಹಾಕಿ ಹೊರಟೆವು. ಮೋಟಾರಿನಲ್ಲಿ ಆಯಿ ಮುಂದಿನ ಸೀಟು ಹಿಡಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಅವ್ವನ ತೊಡೆಯ ಮೇಲೆ. ಶಹಾಪುರದಲ್ಲಿ ಮೋಟಾರು ನಿಂತಾಗ ಅಪ್ಪ ಎಲೆಯಲ್ಲಿ ಚುರುಮುರಿ ಸುಸಲಾ, ಮಿರ್ಚಿ ಭಜಿ ತಂದ. ಹೊರಗಿನದು ಮುಟ್ಟೆನೆಂದ ಆಯಿ ನನ್ನ ಎಲೆಯಿಂದ ಎರಡು ಭಜಿ ತಿಂದಳು. ಯಾದಗಿರಿಯಲ್ಲಿ ಇಳಿದು, ಗಂಟು ಹೊತ್ತು, ಟಾಂಗಾದವರ ಕೂಗು ಲೆಕ್ಕಿಸದೆ ಸಾಲಾಗಿ ನಡೆದೆವು. ಸರಾಯಿಯ ಬಾಗಿಲಲ್ಲಿ ಆಯಿ ನಿಂತು ಮೂಗೆತ್ತಿ ಗಾಳಿ ಹಿಡಿದಳು. ಅಲ್ಲಿನ ಕಾವಲಿನ ಮುದುಕ ಸಾಹೇಬರು ಗಾಬರಿಯಾಗಿ, “ಬರ್ರಿ ಅಮ್ಮಾ, ಬಾವಿ ನೀರು ಸಕ್ಕರಿ ಅದ,” ಅಂದರು. ಆಯಿ ಒಂದೊಂದು ಕೋಣೆಯಲ್ಲೂ ಇಣುಕಿ ಮೂಸಿ ಬಂದಳು. ಸುಣ್ಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. “ಛಲೋ ಅದ,” ಎಂದು ಬೇವಿನ ಮರದ ಎದುರಿನ ಕೋಣೆ ಹಿಡಿದಳು.

ಮೊದಲ ದಿನವೆಲ್ಲ ಅವ್ವ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದೇ ಆಯಿತು. ಆಯಿಯ ಸ್ನಾನಕ್ಕೆ ಬಿಸಿನೀರು, ಪೂಜೆಗೆ ನೀರು, ಬಿಸಿ ರೊಟ್ಟಿ, ಮತ್ತೆ ಪಾತ್ರೆ. ಅಪ್ಪನೂ ನಾನೂ ಬಜಾರು ಸುತ್ತಿ ಬಂದೆವು. ಎರಡನೇ ದಿನವೂ ಸಂಜೆಯ ತನಕ ಅದೇ. ಸಂಜೆ ಅಪ್ಪ ಹಟ ಮಾಡಿ ಎಲ್ಲರನ್ನೂ ಸ್ಟೇಷನ್ನಿಗೆ ಎಬ್ಬಿಸಿಕೊಂಡು ಹೋದ. ಇನ್ನೂರು ಹೆಜ್ಜೆಯೂ ಇರಲಿಲ್ಲ.

ಮದ್ರಾಸಿನ ಕಡೆಯ ಗಾಡಿ ಬಂತು. ನೆಲ ನಡುಗಿತು, ಉಗಿ ಬಂದು ನಮ್ಮನ್ನೆಲ್ಲ ಮುಚ್ಚಿತು. ಅವ್ವನ ಸೆರಗು ಹಾರಿ ತಲೆಯಿಂದ ಜಾರಿತು. ಅವಳು ಅದನ್ನು ಎಳೆದುಕೊಳ್ಳುವುದನ್ನೂ ಮರೆತು ಜೋರಾಗಿ, ಬಾಯಿ ತೆರೆದು ನಕ್ಕಳು. ಕಿಟಕಿಯಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬಳಿಗೆ ಕೈ ಬೀಸಿದಳು. ಆ ಹೆಂಗಸೂ ಬೀಸಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ನಿಂತಲ್ಲೇ ಕುಪ್ಪಳಿಸಿದೆ.

ಆಯಿ ರೈಲು ನೋಡುವುದು ಬಿಟ್ಟು ಅವ್ವನನ್ನೇ ನೋಡುತ್ತಿದ್ದಳು. ಗಾಡಿ ಹೋದ ಮೇಲೆ ನನ್ನನ್ನು ಕೇಳಿದಳು: “ನಿಮ್ಮವ್ವ ಹಿಂಗ ನಗತಾಳೇನ? ನಾ ಕೇಳೇ ಇಲ್ಲಲ್ಲ.”

ಬಾಯಿಗೆ ಲಗಾಮಿಲ್ಲವೆಂದು ಮೊದಲೇ ಹೇಳಿದ್ದೇನೆ. “ಆಕಿ ಅದಕ್ಕ ಬರಬೇಕಂತಿದ್ಲು ಆಯಿ. ನಾಕು ದಿನ ಯಾರ ಸೊಸಿನೂ ಆಗಬಾರ್ದಂತ,” ಅಂದೆ.

ಅವ್ವ ಸೆರಗು ತಲೆಗೆಳೆದುಕೊಂಡು ಕಲ್ಲಾಗಿ ನಿಂತಳು. ಅಪ್ಪ ಹಳಿಯ ಕಡೆ ನೋಡಿದ. ಆಯಿ, “ನಡೀರಿ,” ಎಂದಷ್ಟೇ ಅಂದು ಮುಂದೆ ನಡೆದಳು. ಎಲ್ಲವನ್ನೂ ನಾನೇ ಹಾಳು ಮಾಡಿದೆನೆಂದು, ಮೊದಲು ಬರೆದು ಈಗ ಬಾಯಿಂದ, ನಾನು ಊಟ ಬಿಟ್ಟು ಮಲಗಿದೆ.

ಮರುದಿನ ಎಚ್ಚರವಾದಾಗ ಬಿಸಿಲು ಕೋಣೆಯೊಳಗೆ ಬಂದಿತ್ತು. ನನ್ನ ಮಗ್ಗುಲಲ್ಲಿ ಅವ್ವ. ನಿದ್ದೆಯಲ್ಲಿದ್ದಳು. ಒಂದು ಕೈ ತಲೆಯ ಮೇಲೆ ಚಾಚಿ, ಬಾಯಿ ತುಸು ತೆರೆದು, ಕಾಲು ಅಡ್ಡಾದಿಡ್ಡಿ ಹಾಕಿ. ಹತ್ತು ವರ್ಷದಲ್ಲಿ ನಾನು ನನ್ನ ಅವ್ವ ಮಲಗಿದ್ದನ್ನು ನೋಡಿಯೇ ಇರಲಿಲ್ಲ. ನಾನು ಏಳುವ ಮೊದಲೇ ಏಳುತ್ತಿದ್ದಳು, ಮಲಗಿದ ಮೇಲೆ ಮಲಗುತ್ತಿದ್ದಳು. ಜ್ವರ ಬಂದಿದೆಯೆಂದು ಹೆದರಿ ಎಬ್ಬಿಸಲು ಕೈ ಚಾಚಿದೆ. ಹೊರಗಿನಿಂದ “ಶ್!” ಎಂದಿತು. ಆಯಿ ಹೊಸ್ತಿಲ ಆಚೆ ಕೂತಿದ್ದಳು. ಸ್ನಾನವಾಗಿತ್ತು, ಪೂಜೆಯಾಗಿತ್ತು, ಒಲೆ ಹೊತ್ತಿತ್ತು. ಕಟ್ಟಿಗೆಯ ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವು. ಒಲೆಯ ಮುಂದೆ ಅವಳು ಕೂತು ಎಷ್ಟು ವರ್ಷವಾಗಿತ್ತೋ.

ಅಷ್ಟರಲ್ಲಿ ಅಂಗಳದಲ್ಲಿ ಗಂಟೆಯ ಸದ್ದು. ದೊಡ್ಡಪ್ಪ ಸವಾರಿ ಬಂಡಿ ಕಟ್ಟಿಸಿಕೊಂಡು ಬಂದಿದ್ದ. “ಚಿಗವ್ವಾ! ನಮ್ಮ ಮನಿ ಇರೂವಾಗ ಇಲ್ಲಿ ಬಂದು ಕುಂತೀರಿ? ಏಳ್ರಿ, ಬಂಡಿ ಏರ್ರಿ. ಮನ್ಯಾಗ ಹೆಣ್ಮಕ್ಕಳು ಕಾಯಾಕತ್ತಾರ, ಸೊಸಿನ್ನ ಜಲ್ದಿ ಕಳಸ್ರಿ ಅಡಗಿಗೆ,” ಎಂದು ಇಡೀ ಸರಾಯಿಗೆ ಕೇಳುವಂತೆ ಆಯಿಗೆ ಹೇಳಿದ.

ಆಯಿ ಮೊಣಕಾಲು ಹಿಡಿದು ಎದ್ದು, ಬಾಗಿಲಿಗೆ ಅಡ್ಡವಾಗಿ ನಿಂತಳು.

“ಸಾವಕಾಶ ಮಾತಾಡಪಾ. ಬಂಡಿ ಹೊಡಕೊಂಡು ಹೋಗು. ಸೊಸಿ ಸುರಪುರದಾಗ ಅದಾಳ. ಇಲ್ಲಿ ಯಾರೂ ಸೊಸಿ ಬಂದಿಲ್ಲ.”