ವೆಂಕಟರಮಣ ಮೇಷ್ಟ್ರ ಅರವತ್ತೊಂದು ಸೋಲು

ಬೆಳಗಿನ ಐದೂವರೆ. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಅಂಗಡಿ ಸಾಲಿನ ಹಿಂದಿರುವ ಪುಟ್ಟ ಕಾಲೇಜಿನ ಮೈದಾನದಲ್ಲಿ ಅರವತ್ತೆಂಟರ ವೆಂಕಟರಮಣ ಒಬ್ಬರೇ ವಾಲಿಬಾಲ್ ನೆಟ್ ಬಿಗಿಯುತ್ತಿದ್ದಾರೆ. ಅದಾದ ಮೇಲೆ ಓಟದವರು, ಎಂಟಕ್ಕೆ ಟೆನಿಸ್. ಮೂರಕ್ಕೂ ಇವರೇ ಕೋಚ್. ಕಾಲೇಜು ಶುರುವಾದಾಗಿನಿಂದ, ಮೂವತ್ತೊಂದು ವರ್ಷ, ಇವರೇ ಅಂತೆ. ಈ ‘ಅಂತೆ’ಯ ಮೇಲೇ ನನಗೆ ಅನುಮಾನ.

ಪತ್ರಿಕೆಗೆ ಬರೆಯಲೆಂದು ಹ್ಯೂಸ್ಟನ್ ಕನ್ನಡಿಗರ ಕೂಟದಲ್ಲಿ ಇವರ ಹೆಸರೆತ್ತಿದ್ದೇ ತಡ, ಕ್ರೀಡಾಕೂಟ ನಡೆಸುವ ಜಯಂತ ನಕ್ಕಿದ್ದ. “ಆ ಅಂಕಲ್ಲಾ? ಇನ್ನೂರು ಮ್ಯಾಚ್ ಗೆಲ್ಲಿಸಿದೀನಿ ಅಂತಾರಲ್ಲ? ಬರೀ ರೀಲು ಸಾರ್, ಚೆಕ್ ಮಾಡ್ಕೊಳ್ಳಿ.”

ಚೆಕ್ ಮಾಡಿದೆ. ಕಾಲೇಜು ತನ್ನ ಕೋಚ್‌ಗಳ ಹೆಸರು ಕೆತ್ತಿಸುವ ಗೋಡೆಯೊಂದನ್ನು ಕಟ್ಟಿಸುತ್ತಿದೆ. ನೂರು ಗೆಲುವು ಇದ್ದವರಿಗಷ್ಟೇ ಜಾಗ, ಇದೇ ಶುಕ್ರವಾರ ಪಟ್ಟಿ ಅಂತಿಮ. ಕಚೇರಿಯವರು ಹಳೆಯ ಪಂದ್ಯಗಳ ಹಾಳೆ ತೆಗೆದು ತೋರಿಸಿದರು. ಕೋಚ್ ಸಹಿಯ ಜಾಗದಲ್ಲಿ ವೆಂಕಟರಮಣ ಎಂದಿರುವುದು ಅರವತ್ತೊಂದರಲ್ಲಿ. ಅರವತ್ತೊಂದೂ ಸೋಲು! ಗೆದ್ದ ಹಾಳೆಗಳಲ್ಲೆಲ್ಲ ಬೇರೆಯವರ ಸಹಿ, ಒಂದೇ ಒಂದರಲ್ಲೂ ಈ ಪುಣ್ಯಾತ್ಮರ ಹೆಸರಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡೀತೇ?

“ಗೆದ್ದಿದ್ದು ಎಲ್ಲಿ ಮೇಷ್ಟ್ರೇ?” ಎಂದು ಖಾರವಾಗಿಯೇ ಕೇಳುತ್ತೇನೆ. ಇವರು ಮೈಸೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು, ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ನೆಟ್ಟಿನಿಂದ ಕಣ್ಣು ತೆಗೆಯದೆ ಹೇಳುತ್ತಾರೆ: “ಗೆದ್ದಾಗ ಆ ಜಾಗದಲ್ಲಿ ಕ್ಯಾಪ್ಟನ್ ಸಹಿ ಹಾಕ್ತಿದ್ರು. ಸೋತಾಗ ನಾನು. ಅಳ್ತಾ ನಿಂತಿರೋ ಮಕ್ಕಳ ಕೈಲಿ ಸಹಿ ಹಾಕಿಸ್ತಾರಾ ಯಾರಾದ್ರೂ?”

ಕೇಳಲು ಚೆಂದ. ಅದಕ್ಕೇ ನಂಬಲಿಲ್ಲ. ಗೆದ್ದ ಹಾಳೆಯಲ್ಲಿದ್ದ ಒಂದು ಹೆಸರು ಹಿಡಿದು ಡಾಲಸ್ ಬಳಿಯ ಅಲೆನ್‌ಗೆ ಫೋನ್ ಮಾಡುತ್ತೇನೆ. ಮಲ್ಲವ್ವ 1998ರಲ್ಲಿ ಹುಬ್ಬಳ್ಳಿಯಿಂದ ಓದಲು ಬಂದು ವಾಲಿಬಾಲ್ ಕ್ಯಾಪ್ಟನ್ ಆಗಿದ್ದವರು.

“ಹೌದ್ರಿ, ಆ ಸಹಿ ನಂದ. ಆಸ್ಟಿನ್‌ದಾಗ ದೊಡ್ಡ ಟೀಮ್ ಸೋಲಿಸಿದ್ವಿ. ಮೂರು ತಾಸು ವ್ಯಾನ್ ಓಡಿಸ್ಕೊಂಡು ಹೋದವ್ರೂ ಸರ್ರ, ನಮ್ಮ ಜೆರ್ಸಿ ಮನ್ಯಾಗ ಒಗದು ತಂದವ್ರೂ ಸರ್ರ. ನನಗ ಆಗ ಇಂಗ್ಲಿಷ್‌ದಾಗ ಬಾಯಿ ಬಿಡಾಕ ಅಂಜಿಕಿ. ಎಲ್ಲಾರ ಮುಂದ ಕರದು ಸಹಿ ಮಾಡ್ಸಿದ್ರು. ಆವತ್ತ ಮೊದಲ ಸಲ ಈ ಊರಾಗ ನಾನೂ ಒಬ್ಬಾಕಿ ಅನಿಸ್ತ್ರಿ.” ನನಗೆ ನಾಚಿಕೆಯಾಗುತ್ತದೆ.

ಆದರೆ ಕಚೇರಿಯವರ ಅನುಮಾನ ನನ್ನದಕ್ಕಿಂತ ಗಟ್ಟಿ. ಹಳೆಯ ಕ್ಯಾಪ್ಟನ್‌ಗಳು ‘ನಾನು ಹಾಕಿದ ಸಹಿ ತಪ್ಪು, ರದ್ದು ಮಾಡಿ’ ಎಂದು ಬರೆದುಕೊಟ್ಟರೆ ಮಾತ್ರ ಗೆಲುವು ಮೇಷ್ಟ್ರ ಲೆಕ್ಕಕ್ಕೆ. ಮಲ್ಲವ್ವ ಇವತ್ತೇ ಬರೆದುಕೊಡಲು ತಯಾರು. ಮೇಷ್ಟ್ರು ಸುತರಾಂ ಒಪ್ಪುತ್ತಿಲ್ಲ.

“ಕೊಟ್ಟಿದ್ದನ್ನ ವಾಪಸ್ ಇಸ್ಕೋತಾರಾ?”

ಹಾಗಾದರೆ ಗೋಡೆಯ ಮೇಲೆ ಹೆಸರು ಬೇಡವೇ?

“ಬೇಕು. ಸುಳ್ಳು ಯಾಕೆ ಹೇಳ್ಲಿ, ತುಂಬಾ ಆಸೆ ಇದೆ.” ಚೆಂಡುಗಳನ್ನು ಚೀಲಕ್ಕೆ ತುಂಬುತ್ತಾ ಹೇಳುತ್ತಾರೆ: “ಅರವತ್ತೊಂದು ಸೋಲು ಅಂತಲೇ ಕೆತ್ತಿಸಿ ಹಾಕ್ಲಿ. ಇಷ್ಟು ಸೋತವನನ್ನ ಮೂವತ್ತೊಂದು ವರ್ಷ ಯಾಕೆ ಇಟ್ಕೊಂಡಿದ್ರು ಅಂತ ಓದಿದವರೇ ಅನುಮಾನ ಪಡ್ಲಿ.”