ಆಣೆ ಇಡದೆ ಹೇಳಿದ ಸಾಕ್ಷಿ

ನಮ್ಮ ಅಳಿಯಂದಿರು ನಿರ್ದೋಷಿ ಎಂದು ಶಿಕಾಗೋದ ಜಡ್ಜ್ ಎಲ್ಲರ ಎದುರಿಗೇ ಹೇಳಿಬಿಟ್ಟರು. ಹಾಗೆ ಹೇಳಿಸಿದವಳು ನಾನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಬಿಟ್ಟರೆ ಇನ್ನೊಂದು ಮಾತು ಬಾರದವಳು, ಅಮೆರಿಕದ ಕೋರ್ಟಿನಲ್ಲಿ ಕುರ್ಚಿಯ ಮೇಲೆ ಕೂತು ಸಾಕ್ಷಿ ಹೇಳಿ ಬಂದೆ. ಮೊದಲು ಈ ಸಂತೋಷ ಹೇಳಿಬಿಡುತ್ತೇನೆ, ಆಮೇಲೆ ಮಿಕ್ಕದ್ದು. ಇಷ್ಟು ವರ್ಷವಾದ ಮೇಲೂ ಇದನ್ನು ಹೇಳಲು ಕೂತರೆ ಯಾವುದು ಮೊದಲು ಯಾವುದು ಆಮೇಲೆ ಎಂದು ನನಗೆ ತಾಳ ಸಿಗುವುದಿಲ್ಲ.

ಅದು ಎಪ್ಪತ್ತರ ದಶಕ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಹೋಗಿದ್ದೆ. ಅಳಿಯಂದಿರು ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದ ಡಾಕ್ಟರು. ಮನೆ ಡೆವನ್ ಅವೆನ್ಯೂ ಹತ್ತಿರದ ಒಂದು ಬೀದಿಯಲ್ಲಿ, ಮಹಡಿಯ ಮೇಲೆ. ಮೊಮ್ಮಗಳಿಗೆ ಇನ್ನೂ ನಾಮಕರಣವಾಗಿರಲಿಲ್ಲ. ಎಣ್ಣೆ ಹಚ್ಚಿದರೆ ಬೆಣ್ಣೆಯುಂಡೆಯ ಹಾಗೆ ಕೈಯಿಂದ ಜಾರುತ್ತಿದ್ದಳು. ಆ ಚಳಿಯ ಊರಿನಲ್ಲಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದು ಎಲ್ಲಿಂದ ಬಂತು? ಬೀದಿ ಕಡೆಯ ಒಂದು ಕಿಟಕಿಯಲ್ಲಿ ಮಾತ್ರ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು ಬೀಳುತ್ತಿತ್ತು. ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಾ ದಿನವೂ ಅಲ್ಲೇ ಕೂರುತ್ತಿದ್ದೆ. ಮಗಳು ರಾತ್ರಿಯೆಲ್ಲ ಎದ್ದಿದ್ದು ಆ ಹೊತ್ತಿಗೆ ಮಲಗಿರುತ್ತಿದ್ದಳು. ಮಾತಾಡುವವರಿಲ್ಲ, ಬೀದಿಯನ್ನಾದರೂ ನೋಡಬೇಕಲ್ಲ.

ಹಿಮ ಬಿದ್ದಾಗ ಆ ಊರಿನಲ್ಲಿ ಒಂದು ಪದ್ಧತಿ. ಬೀದಿಬದಿ ಕಾರು ನಿಲ್ಲಿಸಬೇಕೆಂದರೆ ಸಲಿಕೆ ಹಿಡಿದು ಹಿಮ ಎತ್ತಿ ಜಾಗ ಮಾಡಿಕೊಳ್ಳಬೇಕು. ಜಾಗ ಮಾಡಿದವನು ಕಾರು ತೆಗೆಯುವಾಗ ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾನೆ, ನಾವು ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ. ಪಕ್ಕದ ಕಟ್ಟಡದ ಯಜಮಾನರೊಬ್ಬರು ತಮ್ಮ ಕಾರಿನ ಹಿಂದೆ ಹೆಂಡತಿಯ ಕಾರಿಗೆಂದು ಜಾಗ ಮಾಡಿ ಕುರ್ಚಿ ಇಟ್ಟಿದ್ದರು. ಒಂದು ಸಂಜೆ ಅಳಿಯಂದಿರು ಆಸ್ಪತ್ರೆಯಿಂದ ನಿದ್ದೆಗೆಟ್ಟು ಬಂದರು. ಬೀದಿಯನ್ನು ಸುತ್ತಿ ಸುತ್ತಿ ಎಲ್ಲೂ ಜಾಗ ಸಿಗದೆ, ಕೊನೆಗೆ ಆ ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿ ಅಲ್ಲೇ ಕಾರು ನಿಲ್ಲಿಸಿದ್ದನ್ನು ನಾನು ಕಿಟಕಿಯಿಂದ ಕಂಡೆ. ರಾತ್ರಿ ಮತ್ತೆ ಹಿಮ ಬಿತ್ತು.

ಬೆಳಿಗ್ಗೆ ಕಿಟಕಿಯಲ್ಲಿ ಕೂತಿದ್ದೇನೆ, ಬ್ರೆಡ್ಡು ತರುವ ಒಂದು ನೀಲಿ ವ್ಯಾನು ಜಾರಿಕೊಂಡು ಬಂದು ಆ ಯಜಮಾನರ ಕಾರಿನ ಬೀದಿ ಕಡೆಯ ಹಿಂದಿನ ಮೂಲೆಗೆ ಗುದ್ದಿತು. ಡ್ರೈವರು ಇಳಿದ, ನೋಡಿದ, ಹತ್ತಿಕೊಂಡು ಹೊರಟೇ ಹೋದ. ನಮ್ಮ ಕಾರು ಆಗಿನ್ನೂ ಹಿಮದ ಅಡಿ ಮಲಗಿತ್ತು. ಅಳಿಯಂದಿರು ಎದ್ದು, ಹಿಮ ಗುಡಿಸಿ ಕಾರು ತೆಗೆದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಆಮೇಲೆ ಯಜಮಾನರು ಬಂದು ನೋಡುತ್ತಾರೆ: ತಮ್ಮ ಕಾರು ನೆಗ್ಗಿದೆ, ಕುರ್ಚಿ ಗೋಡೆ ಪಕ್ಕ ಇದೆ, ಆ ಜಾಗದಲ್ಲಿ ರಾತ್ರಿ ಇದ್ದ ಡಾಕ್ಟರ ಕಾರು ಇಲ್ಲ. ಇನ್ನು ಕೇಳಬೇಕೆ? ನಮ್ಮದು ಸೆಕೆಂಡ್‌ಹ್ಯಾಂಡ್ ಕಾರು, ಮುಂದಿನ ಬಂಪರು ಕೊಳ್ಳುವಾಗಲೇ ನೆಗ್ಗಿತ್ತು. ಅದೂ ಸೇರಿಕೊಂಡಿತು. ಗುದ್ದಿ, ಹೇಳದೆ ಓಡಿಹೋದರು ಎಂದು ಕೇಸಾಯಿತು. ನಾನು ನೋಡಿದ್ದನ್ನು ಅಳಿಯಂದಿರು ಪೊಲೀಸರಿಗೆ ಹೇಳಿದರೆ, ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿಕೊಳ್ಳಿ ಎಂದರು.

ದಂಡ ಕಟ್ಟಿ ಮುಗಿಸುವ ಮಾತಾಗಿರಲಿಲ್ಲ. ಡಾಕ್ಟರಿಕೆಯ ಲೈಸೆನ್ಸಿಗೆ ಅಪ್ಲೈ ಮಾಡುವಾಗ, ನಿಮ್ಮ ಮೇಲೆ ಯಾವ ಅಪರಾಧ ರುಜುವಾತಾಗಿದೆ ಎಂದು ಕೇಳುತ್ತಾರಂತೆ. ಅಷ್ಟು ವರ್ಷ ಓದಿದ್ದೆಲ್ಲ ಆ ಒಂದು ಪ್ರಶ್ನೆಗೆ ಸಿಕ್ಕಿಕೊಳ್ಳುತ್ತಿತ್ತು. ಅಳಿಯಂದಿರು ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದರು. ಮಗಳು ನನಗೆ ಕಾಣದ ಹಾಗೆ ಅಳುತ್ತಿದ್ದಳು. ಬಾಣಂತಿ ಅತ್ತರೆ ಹಾಲು ಬತ್ತುತ್ತದೆಂದು ನನಗೆ ಬೇರೆ ಚಿಂತೆ, ಕಣ್ಣು ಕೆಂಪಗೆ ಕಂಡರೆ ಬೈಯುತ್ತಿದ್ದೆ.

ಅಳಿಯಂದಿರು ಗೊತ್ತುಮಾಡಿದ ಲಾಯರು ಹೇಳಿದ ಮೊದಲ ಮಾತೇ ನನಗೆ ಹಿಡಿಸಲಿಲ್ಲ. ಅಳಿಯಂದಿರು ಕೋರ್ಟಿನಲ್ಲಿ ಬಾಯಿ ಬಿಡಬೇಕಾಗಿಲ್ಲವಂತೆ. ತಪ್ಪು ಮಾಡಿದ್ದಾರೆಂದು ತೋರಿಸಿಕೊಡಬೇಕಾದವರು ಸರ್ಕಾರದವರು. ಇವರು ಸುಮ್ಮನಿದ್ದರು ಎಂಬುದನ್ನು ಜಡ್ಜ್ ಇವರ ಮೇಲೆ ಹೊರಿಸುವ ಹಾಗಿಲ್ಲ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗಲ್ಲವೇ ಎಂದು ಮಗಳನ್ನು ಕೇಳಿದೆ. ಇಲ್ಲಿ ಹಾಗಲ್ಲಮ್ಮ ಎಂದಳು. ಯೋಚಿಸುತ್ತಾ ಹೋದ ಹಾಗೆ ನನಗೆ ಆ ಕಾನೂನಿನ ಮೇಲೆ ಪ್ರೀತಿ ಬಂತು. ನಮ್ಮ ಅಳಿಯಂದಿರಂಥ ಸಂಕೋಚದವರಿಗೇ ಮಾಡಿದ ಹಾಗಿತ್ತು.

ಸಾಕ್ಷಿ ಹೇಳಲು ಉಳಿದವಳು ನಾನೊಬ್ಬಳೇ. ಕನ್ನಡ ಬಲ್ಲವರನ್ನು ಹುಡುಕಿ, ಹುಬ್ಬಳ್ಳಿ ಕಡೆಯಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿಯನ್ನು ಕರೆಸಿದರು. ನಾನು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಹೇಳುವುದು ಅವನ ಕೆಲಸ. ಮನೆಯವರಾರೂ ಆ ಕೆಲಸ ಮಾಡಬಾರದಂತೆ. ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಾಗ ಅವನು ನನಗೆ ಬುದ್ಧಿ ಹೇಳಿದ. "ಅಜ್ಜಿ, ನೀವು ಕಣ್ಣಾರೆ ನೋಡಿದ್ದಷ್ಟ ಹೇಳ್ರಿ. ಮಂದಿ ಹೇಳಿದ್ದು ಇಲ್ಲಿ ನಡೆಯೂದಿಲ್ಲ."

"ಹಾಗಾದ್ರೆ ನಮ್ಮ ಬೀದೀಲಿ ಯಾರೂ ಬಾಯೇ ಬಿಡೋ ಹಾಗಿಲ್ವಲ್ಲಪ್ಪ."

"ನಮ್ಮ ಓಣ್ಯಾಗೂ ಅಷ್ಟರೀ."

ಅದು ತಮಾಷೆಯ ಮಾತಲ್ಲವೆಂದು ಒಳಗೆ ಹೋದ ಮೇಲೆ ತಿಳಿಯಿತು. ಯಜಮಾನರು ಎದ್ದು, ತಮ್ಮ ಕಟ್ಟಡದ ಕೆಳಗಿನ ಮನೆಯ ಹೆಂಗಸು ನೋಡಿದ್ದಾಳೆ, ಡಾಕ್ಟರೇ ಗುದ್ದಿದರೆಂದು ತಮಗೆ ಹೇಳಿದಳು ಎಂದು ಶುರುಮಾಡಿದರು. ನಮ್ಮ ಲಾಯರು ತಕ್ಷಣ ಎದ್ದು ತಡೆದರು. ನೋಡಿದವಳು ಬಂದು ಇಲ್ಲಿ ಕೂತು ಹೇಳಲಿ, ಆಗ ನಾವು ಅವಳನ್ನು ಪ್ರಶ್ನೆ ಕೇಳಬಹುದು, ಇವರ ಬಾಯಲ್ಲಿ ಅವಳ ಮಾತು ಬೇಡ ಎಂದರು. ಜಡ್ಜ್ ಹೌದೆಂದು ತಲೆಯಾಡಿಸಿ ಆ ಮಾತನ್ನು ಪಕ್ಕಕ್ಕೆ ಸರಿಸಿದರು. ಆ ಹೆಂಗಸು ಬಂದೇ ಇರಲಿಲ್ಲ. ಹುಡುಗ ಇದನ್ನು ನನಗೆ ಪಿಸುಗುಟ್ಟಿದಾಗ ಮೈಸೂರಿನಲ್ಲಿ ಹೀಗೆ ಒಬ್ಬ ಜಡ್ಜ್ ಬೀದಿಗೊಬ್ಬರಂತೆ ಇದ್ದಿದ್ದರೆ ಎಷ್ಟು ಸಂಸಾರಗಳು ನೆಟ್ಟಗಿರುತ್ತಿದ್ದವು ಅನ್ನಿಸಿತು.

ಆಮೇಲೆ ನನ್ನನ್ನು ಕರೆದರು. ಕುರ್ಚಿಯ ಹತ್ತಿರ ನಿಂತ ಗುಮಾಸ್ತ ಬಲಗೈ ಎತ್ತಲು ಹೇಳಿದ. ಏಕೆ ಎಂದೆ. ದೇವರ ಮೇಲೆ ಆಣೆ ಇಡಬೇಕು ಅಜ್ಜಿ ಎಂದ ಹುಡುಗ. ನಾನು ಎತ್ತಿದ ಕೈಯನ್ನು ಇಳಿಸಿಬಿಟ್ಟೆ. ನಮ್ಮ ಮನೆಯಲ್ಲಿ ಹಸುಗೂಸು ಇರುವಾಗ ಆಣೆ ಇಡುವ ಪದ್ಧತಿಯಿಲ್ಲ, ನಿಜಕ್ಕೂ ಇಲ್ಲ, ಸುಳ್ಳಿಗೂ ಇಲ್ಲ. ನನ್ನ ಅತ್ತೆ ಇಡಲಿಲ್ಲ, ಅವರ ಅತ್ತೆ ಇಡಲಿಲ್ಲ. ಇನ್ನೂ ಹೆಸರಿಲ್ಲದ ನನ್ನ ಕೂಸಿನ ಮೇಲೆ ನಾನು ಆಣೆಯ ಕೇಡನ್ನು ಎಳೆದು ತರಲೇ?

ಲಾಯರ ಮುಖ ಸಪ್ಪಗಾಯಿತು. ಆಣೆಗೆ ಹೆದರುವ ಮುದುಕಿ ಸುಳ್ಳು ಹೇಳಲು ಬಂದಿದ್ದಾಳೆ ಎಂದು ಜಡ್ಜ್ ತಿಳಿದರೆ ಮುಗಿಯಿತು. ಅಳಿಯಂದಿರು ತಲೆಯೆತ್ತದೆ ಕೂತಿದ್ದರು. ಆದರೂ ಕೈ ಮೇಲೇಳಲಿಲ್ಲ.

ಜಡ್ಜ್ ಬಿಳಿಕೂದಲಿನವರು, ಸಮಾಧಾನದ ಮನುಷ್ಯ. ಕಾರಣ ಕೇಳಿದರು. ಹುಡುಗ ಎಲ್ಲ ವಿವರಿಸಿದ. ಆಣೆ ಬೇಡವೆನ್ನುವವರು ಇಡಬೇಕಾಗಿಲ್ಲ, ಕಾನೂನು ಅದನ್ನು ಒಪ್ಪುತ್ತದೆ ಎಂದರು ಅವರು. ದೇವರ ಹೆಸರಿಲ್ಲದೆ, ನಿಜ ಹೇಳುತ್ತೇನೆ ಎಂದು ಮಾತು ಕೊಟ್ಟರೆ ಸಾಕು. ಸುಳ್ಳು ಹೇಳಿದರೆ ಮಾತ್ರ ಶಿಕ್ಷೆಯುಂಟು.

"ಶಿಕ್ಷೆ ನನಗೊಬ್ಬಳಿಗೇ ತಾನೆ? ಕೂಸಿಗೇನೂ ಇಲ್ವಲ್ಲ?" ಎಂದು ಕೇಳಿದೆ.

ನಿಮಗೊಬ್ಬರಿಗೇ ಎಂದರು ಜಡ್ಜ್.

"ಹಾಗಾದ್ರೆ ಸರಿ. ಕೇಳಿ."

ವ್ಯಾನಿನ ಬಣ್ಣ, ಅದು ಜಾರಿದ ರೀತಿ, ನಮ್ಮ ಕಾರಿನ ಮೇಲೆ ಯಾರೂ ಮುಟ್ಟದೆ ಬಿದ್ದಿದ್ದ ಹಿಮ, ಎಲ್ಲ ಹೇಳಿದೆ. ಡ್ರೈವರ ಮುಖ ಕಂಡಿತೇ ಎಂದರೆ ಟೋಪಿ ಅಡ್ಡ ಇತ್ತು, ಕಾಣಲಿಲ್ಲ ಎಂದೆ. ಸರ್ಕಾರದ ಲಾಯರು ಚಿಕ್ಕ ವಯಸ್ಸಿನವರು, ಓಡಾಡುತ್ತಾ ಕೇಳುತ್ತಿದ್ದರು. ಇವರಿಗೆ ಬೆಳಿಗ್ಗೆ ಹೊಟ್ಟೆಗೆ ಬಿದ್ದಿಲ್ಲ ಅನ್ಸತ್ತೆ, ಇದನ್ನು ಹೇಳಬೇಡಪ್ಪ ಎಂದು ಹುಡುಗನ ಕಿವಿಯಲ್ಲಿ ಹೇಳಿದೆ. ಅವನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟ, ಬೇಡವೆಂದದ್ದನ್ನೂ ಸೇರಿಸಿ. ಕೋರ್ಟೆಲ್ಲ ನಕ್ಕಿತು, ಆ ಲಾಯರೂ ನಕ್ಕರು. ನೀವು ಅಂದದ್ದೆಲ್ಲಾ ಹೇಳ್ತೀನಂತ ನಾನೂ ಮಾತು ಕೊಟ್ಟೀನ್ರಿ ಎಂದು ಹುಡುಗ ತಲೆ ಕೆರೆದುಕೊಂಡ.

ನಗು ಮುಗಿದ ಮೇಲೆ ಸರ್ಕಾರದ ಲಾಯರು ನಿಂತು ನಿಧಾನವಾಗಿ ಕೇಳಿದರು. ಆ ಜಾಗದಲ್ಲಿ ಕುರ್ಚಿ ಇತ್ತೇ? ಅದನ್ನು ತೆಗೆದವರು ಯಾರು?

ಆವರೆಗೆ ನಮ್ಮ ಕಡೆಯವರು ಕುರ್ಚಿಯ ಮಾತೇ ಎತ್ತಿರಲಿಲ್ಲ. ಪರರ ಜಾಗಕ್ಕೆ ನುಗ್ಗಿದವರು ಗುದ್ದಿಯೂ ಇರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಳಿಯಂದಿರು ಈಗ ನನ್ನ ಕಡೆ ನೋಡಿದರು. ನಾನು ಮಾತು ಕೊಟ್ಟಾಗಿತ್ತು.

"ಇತ್ತು. ನಮ್ಮ ಅಳಿಯಂದಿರೇ ತೆಗೆದ್ರು. ತೆಗೀಬಾರ್ದಿತ್ತು. ಬೀದಿಗೆ ಬಿಸಾಕಲಿಲ್ಲ, ಎತ್ಕೊಂಡು ಹೋಗಿ ಗೋಡೆಗೆ ಒರಗಿಸಿದ್ರು."

ಜಡ್ಜ್ ಕಾಗದದ ಮೇಲೆ ಏನೋ ಬರೆದುಕೊಂಡರು. ಆಮೇಲೆ ಹೇಳಿದ್ದನ್ನು ಹುಡುಗ ನನಗೆ ಒಂದೊಂದಾಗಿ ಬಿಡಿಸಿ ಹೇಳಿದ. ಈಕೆ ತಮ್ಮವರಿಗೆ ಕೆಡುಕಾಗುವ ಮಾತನ್ನೂ ಕೇಳಿದ ಕೂಡಲೇ ಹೇಳಿದ್ದಾರೆ, ಆದ್ದರಿಂದ ಮಿಕ್ಕದ್ದನ್ನೂ ನಂಬುತ್ತೇನೆ. ಡಾಕ್ಟರು ಗುದ್ದಿದರೆಂಬುದು ರುಜುವಾತಾಗಿಲ್ಲ. ನಿರ್ದೋಷಿ. ಕುರ್ಚಿ ತೆಗೆದದ್ದು ಅಪರಾಧವಲ್ಲ, ಆದರೆ ನೆರೆಯವರಿಗೆ ಒಂದು ಕ್ಷಮೆ ಕೇಳಿದರೆ ಚೆನ್ನ.

ಅಳಿಯಂದಿರು ಹೊರಗೆ ಬಂದವರೇ ಮೊದಲು ಆ ಯಜಮಾನರ ಹತ್ತಿರ ಹೋಗಿ ಕೈ ಹಿಡಿದು ಮಾತಾಡಿದರು. ಅವರು ಗಂಟುಮುಖ ಹಾಕಿಕೊಂಡೇ ಇದ್ದರು, ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಗೋಡೆಯ ಫೋನಿಗೆ ಕಾಸು ಹಾಕಿ ಮಗಳಿಗೆ ಸುದ್ದಿ ಹೇಳಲು ಹೋದ ಅಳಿಯಂದಿರು ಹಲೋ ಎಂದಷ್ಟೇ ಹೇಳಿ ನನ್ನ ಕಡೆ ತಿರುಗಿದರು. ಫೋನು ನನ್ನ ಕೈಗೆ ಬಂತು. ಆಯ್ತು ಕಣೆ, ಎಲ್ಲ ಆಯ್ತು, ಒಲೆ ಮೇಲೆ ಬೇಳೆ ಇಡು ಎಂದೆ. ಅಷ್ಟು ದಿನ ಬಚ್ಚಿಟ್ಟುಕೊಂಡು ಅತ್ತವಳು ಆಗ ನನ್ನ ಕಿವಿಗೇ ಅತ್ತಳು. ಈ ಸಲ ನಾನು ಬೈಯಲಿಲ್ಲ.

ಹುಡುಗನನ್ನು ಬಿಡದೆ ಮನೆಗೆ ಕರೆತಂದೆ. ಸಾರು, ಹಪ್ಪಳ, ಶಾವಿಗೆ ಪಾಯಸ, ಬಾಣಂತಿಗೆಂದು ಬೇರೆ ಮೆಣಸಿನ ಸಾರು. ನಾನು ಸೌಟು ಹಿಡಿದು ಬಡಿಸಲು ನಿಂತಿದ್ದೆ. ಅಳಿಯಂದಿರ ಊಟ ಮುಗಿಯುವ ಮುಂಚೆ ನಾನು ತಟ್ಟೆ ಮುಟ್ಟಿದವಳೇ ಅಲ್ಲ. ಅವರು ಎದ್ದು ನನ್ನ ಕೈಯಿಂದ ಸೌಟು ತೆಗೆದುಕೊಂಡು, ಟೇಬಲ್ಲಿಗೆ ಇನ್ನೊಂದು ಕುರ್ಚಿ ಎಳೆದರು.

"ಅತ್ತೆ, ಇವತ್ತು ನೀವೂ ಜೊತೆಗೇ ಕೂತ್ಕೊಳ್ಳಿ. ನಾನು ಬಡಿಸ್ತೀನಿ."

ಕೂತೆ. ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಅಳಿಯಂದಿರು ಬಡಿಸಿದ ಅನ್ನ ನಮ್ಮ ನಾಲ್ವರಿಗೂ ಹೆಚ್ಚಾಯಿತು, ಸಾರು ಕಡಿಮೆಯಾಯಿತು, ಹುಬ್ಬಳ್ಳಿಯ ಹುಡುಗ ಪಾಯಸವನ್ನೇ ಕಲಸಿಕೊಂಡು ಉಂಡ.